‘ಗ್ಲೂಕೋಸ್ ಹಾಕಿಸಿದ್ರೆ ಅವ್ವಗೆ ಆರಾಮ ಆಗುತ್ತೆ, ಸರ್ಕಾರಿ ಮಾತ್ರೆ ಬೇಡ ಅಂತಾಳೆ’

ಪ್ರಶ್ನೆ: ಡಾಕ್ಟರೇ, ನಾವು ಯಾದಗಿರಿ ಜಿಲ್ಲೆಯವರು. ಎಂಟು ವರ್ಷದಿಂದ ಬೆಂಗಳೂರಿನಲ್ಲಿದ್ದೇವೆ. ಖಾಲಿ ಸೈಟಿನಲ್ಲಿ ತಗಡು, ಟಾರ್ಪಾಲು ಹಾಕಿದ ಶೆಡ್ಡು ನಮ್ಮದು, ತಿಂಗಳಿಗೆ ನೆಲಬಾಡಿಗೆ ಕಟ್ಟುತ್ತೇವೆ. ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಾನೆ. ಅವ್ವ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮನೆ ಕೆಲಸ ಮಾಡುತ್ತಾಳೆ. ಅವರ ಮಗಳು ನಾನು, ಸೂಪರ್ ಮಾರ್ಕೆಟಿನಲ್ಲಿ ಬಿಲ್ಲಿಂಗ್ ಮಾಡುತ್ತೇನೆ. ಅವ್ವಗೆ 46 ವರ್ಷ. ಮೂರು ವರ್ಷದಿಂದ ಶುಗರ್, ಬಿಪಿ ಇದೆ. ಸರ್ಕಾರಿ ಆಸ್ಪತ್ರೆಯ ಚೀಟಿಯಲ್ಲಿ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಆಮ್ಲೋಡಿಪಿನ್ ಅಂತ ಬರೆದಿದ್ದಾರೆ. ಬೆಳಗ್ಗೆ ಆರಕ್ಕೆ ಎದ್ದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದಳು. ಆದರೂ ಹತ್ತು ಗಂಟೆ ಹೊತ್ತಿಗೆ ಚಕ್ಕರ್ ಬರುತ್ತದೆ, ಕೈ ನಡುಗುತ್ತದೆ, ಬೆವರುತ್ತಾಳೆ. ನಮ್ಮ ಏರಿಯಾದ ಕ್ಲಿನಿಕ್ಕಿನಲ್ಲಿ ಒಂದು ಸೂಜಿ, ಒಂದು ಗ್ಲೂಕೋಸ್ ಬಾಟಲಿ ಹಾಕುತ್ತಾರೆ. ಐನೂರು ರೂಪಾಯಿ. ಅರ್ಧ ಗಂಟೆಯಲ್ಲಿ ಎದ್ದು ಕೂರುತ್ತಾಳೆ. ‘ಸರ್ಕಾರಿ ಗುಳಿಗಿಗೆ ಪವರ್ ಇಲ್ಲ, ಸೂಜಿ ಹಾಕಿದ್ರ ಆರಾಮ ಅನಸ್ತೈತಿ’ ಅಂತಾಳೆ. ಈಗ ದಿನಾ ಮಾತ್ರೆ ತಗೊಳ್ಳುವುದನ್ನು ಬಿಟ್ಟಿದ್ದಾಳೆ, ಚಕ್ಕರ್ ಬಂದ ದಿನ ಮಾತ್ರ ತಗೋತಾಳೆ. ಹತ್ತು ದಿನದಿಂದ ಕಾಲಿನ ಹೆಬ್ಬೆರಳ ಹತ್ತಿರ ಒಂದು ಗಾಯ ಇದೆ, ನೋವಿಲ್ಲ ಅಂತ ಸುಮ್ಮನಿದ್ದಾಳೆ. ಅಪ್ಪನಿಗೆ ಮೂರು ವಾರದಿಂದ ಕೆಮ್ಮು, ಮೆಡಿಕಲ್ ಶಾಪಿನಿಂದ ಸಿರಪ್, ಮಾತ್ರೆ ತಂದು ಕೊಟ್ಟಿದ್ದೇವೆ. ನಮ್ಮ ರೇಷನ್ ಕಾರ್ಡ್ ಊರಿನದು, ಇಲ್ಲಿ ನಡೆಯಲ್ಲ ಅಂತಾರೆ. ದೊಡ್ಡಾಸ್ಪತ್ರೆಗೆ ಒಮ್ಮೆ ಹೋಗಿದ್ದೆವು, ಇಡೀ ದಿನ ಹೋಯಿತು. ಅವ್ವಗೆ ತಿಳಿವಳಿಕೆ ಇಲ್ಲ, ನನ್ನ ಮಾತು ಕೇಳಲ್ಲ. ಸಂಘದ ಸಾಲ ತೆಗೆದು ಪ್ರೈವೇಟಿಗೆ ತೋರಿಸಲಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ವಿಷಯ ಒಟ್ಟಿಗೆ ಇವೆ. ಅವುಗಳಲ್ಲಿ ಒಂದು ಕಾಯುವಂಥದ್ದಲ್ಲ. ಅದನ್ನು ಮೊದಲು ಹೇಳುತ್ತೇನೆ, ಸಾಲದ ಮಾತು ಆಮೇಲೆ.

ಅವ್ವನ ಕಾಲಿನ ಗಾಯವನ್ನು ಇವತ್ತು, ತಪ್ಪಿದರೆ ನಾಳೆ, ಡಾಕ್ಟರಿಗೆ ತೋರಿಸಿ. ನೋವಿಲ್ಲ ಅಂತ ನೀವು ಸಮಾಧಾನ ಪಟ್ಟಿದ್ದೀರಿ. ನನಗೆ ಭಯ ಹುಟ್ಟಿಸಿದ್ದು ಆ ಮಾತೇ. ಹತ್ತು ದಿನದ ಗಾಯ ನೋಯಲೇಬೇಕು. ಶುಗರ್ ಬಹಳ ಕಾಲ ಜಾಸ್ತಿ ಇದ್ದರೆ ಪಾದದ ನರಗಳು ಜೋಮು ಹಿಡಿಯುತ್ತವೆ. ಕಲ್ಲು ಚುಚ್ಚಿದರೂ ಗೊತ್ತಾಗುವುದಿಲ್ಲ. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕಪ್ಪಾಗಿದ್ದರೆ, ಕೀವು ಅಥವಾ ವಾಸನೆ ಇದ್ದರೆ, ಜ್ವರ ಬಂದಿದ್ದರೆ ಹತ್ತಿರದ ಕ್ಲಿನಿಕ್ಕು ಬೇಡ, ನೇರವಾಗಿ ದೊಡ್ಡ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅದಕ್ಕೆ ಒಂದು ದಿನದ ಕೂಲಿ ಹೋದರೂ ಹೋಗಲಿ. ಅರಿಶಿನ, ಕಾಫಿಪುಡಿ, ಸುಣ್ಣ ಯಾವುದನ್ನೂ ಮೆತ್ತಬೇಡಿ. ಮೆತ್ತಿದರೆ ಒಳಗೆ ಏನಾಗುತ್ತಿದೆ ಅಂತ ನೋಡುವವರಿಗೂ ಕಾಣುವುದಿಲ್ಲ.

ಈಗ ಸೂಜಿ, ಬಾಟಲಿಯ ವಿಷಯಕ್ಕೆ ಬರೋಣ. ಅವ್ವಗೆ ತಿಳಿವಳಿಕೆ ಇಲ್ಲ ಎಂದು ಬರೆದಿದ್ದೀರಿ. ನಾನು ಹದಿನಾಲ್ಕು ವರ್ಷ ಇಂಥ ಬಡಾವಣೆಗಳ ಪಕ್ಕದ ಆರೋಗ್ಯ ಕೇಂದ್ರಗಳಲ್ಲಿ ಕೂತು ಬಂದವನು. ಮೊದಲ ಒಂದೆರಡು ವರ್ಷ ನಾನೂ ನಿಮ್ಮ ಹಾಗೆಯೇ ಅಂದುಕೊಂಡಿದ್ದೆ. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ‘ಗ್ಲೂಕೋಸ್ ಹಾಕಿದ್ರೆ ಆರಾಮ’ ಅಂದವರನ್ನೆಲ್ಲ, ಆವತ್ತು ಎಷ್ಟು ಗಂಟೆಗೆ ಎದ್ದಿರಿ, ಮಾತ್ರೆ ಯಾವಾಗ ತಗೊಂಡಿರಿ, ಮೊದಲ ತುತ್ತು ಯಾವಾಗ ತಿಂದಿರಿ ಎಂದು ಕೇಳತೊಡಗಿದೆ. ಉತ್ತರಗಳು ಹೆಚ್ಚುಕಡಿಮೆ ನಿಮ್ಮ ಪತ್ರದಲ್ಲಿ ಇರುವಂತೆಯೇ ಇರುತ್ತಿದ್ದವು.

ಆರು ಗಂಟೆಗೆ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ತಿಂಡಿಯ ಮಾತು ಎಲ್ಲೂ ಇಲ್ಲ. ನನ್ನ ಊಹೆ ಸರಿಯಿದ್ದರೆ ಅವರ ಮೊದಲ ಊಟ ಎರಡನೆಯ ಅಥವಾ ಮೂರನೆಯ ಮನೆಯಲ್ಲಿ, ಹನ್ನೊಂದರ ಹೊತ್ತಿಗೆ, ಅವರು ಕೊಟ್ಟಾಗ. ಆ ಚೀಟಿಯಲ್ಲಿರುವ ಮೂರು ಮಾತ್ರೆಗಳಲ್ಲಿ ಆಮ್ಲೋಡಿಪಿನ್ ಬಿಪಿಗೆ, ಉಳಿದೆರಡು ಶುಗರಿಗೆ. ಅವುಗಳಲ್ಲಿ ಗ್ಲಿಮೆಪಿರೈಡ್ ಸ್ವಲ್ಪ ಜೋರಿನದು. ಅದು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಗೆ ಹಾಕಿಸುತ್ತದೆ, ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ಅಂತ ನೋಡುವುದಿಲ್ಲ. ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ ನಾಲ್ಕು ತಾಸು ನೆಲ ಒರೆಸಿ ಪಾತ್ರೆ ತಿಕ್ಕಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಆಗ ಕೈ ನಡುಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಕಣ್ಣು ಕತ್ತಲೆ ಬರುತ್ತದೆ. ನೀವು ಬರೆದ ಚಕ್ಕರ್ ಇದೇ ಇರುವ ಸಾಧ್ಯತೆ ಬಹಳ. ಆ ಹೊತ್ತಿಗೆ ಗ್ಲೂಕೋಸ್ ಬಾಟಲಿ ಹಾಕಿದರೆ ಆರಾಮ ಆಗದೆ ಇನ್ನೇನು? ಅರ್ಧ ಲೀಟರ್ ಬಾಟಲಿಯ ಶೇ 5ರ ದ್ರಾವಣದಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತದೆ. ಸುಮಾರು ಐದು ಚಮಚ ಸಕ್ಕರೆ. ಅವ್ವ ಐನೂರು ರೂಪಾಯಿ ಕೊಟ್ಟು ಐದು ಚಮಚ ಸಕ್ಕರೆ ಕೊಂಡುಕೊಳ್ಳುತ್ತಿದ್ದಾರೆ.

ಇನ್ನೊಂದು ಕಾರಣವನ್ನು ಹೆಣ್ಣುಮಕ್ಕಳು ಡಾಕ್ಟರ ಮುಂದೆ ಸುಲಭಕ್ಕೆ ಹೇಳುವುದಿಲ್ಲ. ಶೆಡ್ಡಿನಲ್ಲಿ ಶೌಚಾಲಯ ಇರುವುದಿಲ್ಲ, ಇದ್ದರೂ ಇಪ್ಪತ್ತು ಮನೆಗೆ ಒಂದು. ಕೆಲಸದ ಮನೆಗಳಲ್ಲಿ ಬಾತ್‌ರೂಮು ತೊಳೆಯಲು ಬಿಡುತ್ತಾರೆ, ಬಳಸಲು ಬಿಡುವವರು ಕಡಿಮೆ. ಹಾಗಾಗಿ ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ದಿನಾ ಹಾಗೆ ಮಾಡಿದರೆ ಮೈಯಲ್ಲಿ ನೀರು ಕಡಿಮೆಯಾಗಿ ತಲೆ ತಿರುಗುತ್ತದೆ, ಮೂತ್ರದ ಸೋಂಕೂ ಆಗುತ್ತದೆ. ಶುಗರ್ ಇದ್ದವರಿಗೆ ಆ ಸೋಂಕು ಇನ್ನೂ ಬೇಗ ಹತ್ತುತ್ತದೆ. ಬಾಟಲಿಯ ನೀರು ಒಳಗೆ ಹೋದಾಗ ಹಾಯ್ ಅನಿಸುವುದು ಇದರಿಂದಲೂ ಹೌದು. ಉರಿಮೂತ್ರ ಇದೆಯಾ ಅಂತ ನೀವು ಮಗಳಾಗಿ ಒಮ್ಮೆ ಕೇಳಿ ನೋಡಿ. ನನಗಿಂತ ನಿಮಗೆ ಹೇಳುತ್ತಾರೆ.

ಹಾಗಾದರೆ ಬಾಟಲಿಯಲ್ಲಿ ತಪ್ಪೇನು? ಚಕ್ಕರ್ ಯಾವಾಗಲೂ ಶುಗರ್ ಇಳಿದದ್ದರಿಂದಲೇ ಬರಬೇಕೆಂದಿಲ್ಲ. ಈಗ ಮಾತ್ರೆ ಬಿಟ್ಟಿದ್ದಾರಲ್ಲ, ಶುಗರ್ ಏರಿಯೂ ತಲೆ ಸುತ್ತಬಹುದು. ಬೆರಳು ಚುಚ್ಚಿ ನೋಡದೆ ಬಾಟಲಿ ಏರಿಸಿದರೆ ಮುನ್ನೂರು ಇದ್ದ ಶುಗರ್ ಇನ್ನೂ ಮೇಲೆ ಹೋಗುತ್ತದೆ. ಉಪ್ಪಿನಂಶದ ಬಾಟಲಿಯಾದರೆ ಅರ್ಧ ಲೀಟರಿನಲ್ಲಿ 4.5 ಗ್ರಾಂ ಉಪ್ಪು. ಇಡೀ ದಿನಕ್ಕೆ 5 ಗ್ರಾಂ ದಾಟಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅದೂ ಬಿಪಿ ಇಲ್ಲದವರಿಗೂ ಸೇರಿ. ಜೊತೆಗಿನ ಸೂಜಿ ಯಾವುದು ಎಂದು ಕೇಳಿದ್ದೀರಾ? ಮೈಕೈ ನೋವಿಗೆ ಕೊಡುವ ಇಂಥ ಸೂಜಿಗಳಲ್ಲಿ ಕೆಲವೊಮ್ಮೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಇರುತ್ತದೆ. ನೋವು, ಆಯಾಸ ಎರಡೂ ಮಾಯವಾದಂತೆ ಅನಿಸುತ್ತದೆ, ಶುಗರ್ ಮಾತ್ರ ದಿನಗಟ್ಟಲೆ ಏರಿರುತ್ತದೆ, ಗಾಯ ಮಾಯುವುದೂ ತಡವಾಗುತ್ತದೆ. ಗಾಯ ಹತ್ತು ದಿನವಾದರೂ ಮಾಯದಿರುವುದಕ್ಕೆ ಆ ಸೂಜಿಯ ಪಾಲೂ ಇರಬಹುದು. ನಾನು ನೋಡದೆ ಖಚಿತವಾಗಿ ಹೇಳಲಾರೆ. ಏನು ಹಾಕಿದಿರಿ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದು ಕೊಡಲು ಒಪ್ಪದವರ ಹತ್ತಿರ ಸೂಜಿ ಹಾಕಿಸಿಕೊಳ್ಳಬೇಡಿ.

ಆ ಕ್ಲಿನಿಕ್ಕಿನವರನ್ನು ಸುಮ್ನೆ ಬೈದು ಮುಗಿಸಲು ನನಗೆ ಮನಸ್ಸಿಲ್ಲ. ರಾತ್ರಿ ಒಂಬತ್ತಕ್ಕೂ ಬಾಗಿಲು ತೆರೆದಿರುತ್ತಾರೆ, ‘ಅಕ್ಕ’ ಅಂತ ಮಾತನಾಡಿಸುತ್ತಾರೆ, ದುಡ್ಡು ನಾಳೆ ಕೊಡಿ ಅನ್ನುತ್ತಾರೆ. ನಮ್ಮ ಸರ್ಕಾರಿ ಕೇಂದ್ರಗಳು ಈ ಮೂರರಲ್ಲಿ ಒಂದನ್ನೂ ಮಾಡಿದ್ದು ಅಪರೂಪ. ಆದರೆ ಒಂದು ಕೆಲಸ ಮಾಡಿ, ಗೋಡೆಯ ಮೇಲೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪ್ರಮಾಣಪತ್ರ ಇದೆಯಾ ನೋಡಿ. 2007ರ ಆ ಕಾಯ್ದೆಯ ಪ್ರಕಾರ ರಾಜ್ಯದ ಪ್ರತಿ ಖಾಸಗಿ ಕ್ಲಿನಿಕ್ಕಿಗೂ ಅದು ಇರಲೇಬೇಕು. ಅದರಲ್ಲಿ ಯಾವ ಪದ್ಧತಿಯ ವೈದ್ಯರು ಎಂದೂ ಇರುತ್ತದೆ. ಪ್ರಮಾಣಪತ್ರವೇ ಇಲ್ಲದಿದ್ದರೆ ಅಲ್ಲಿಗೆ ಮತ್ತೆ ಹೋಗಬೇಡಿ.

‘ಸರ್ಕಾರಿ ಗುಳಿಗಿಗೆ ಪವರ್ ಇಲ್ಲ’ ಎಂಬ ಮಾತನ್ನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಮೆಟ್‌ಫಾರ್ಮಿನ್ 500 ಅಂದರೆ ಅಂಗಡಿಯಲ್ಲೂ 500 ಮಿಲಿಗ್ರಾಂ, ಸರ್ಕಾರಿ ಕೌಂಟರಿನಲ್ಲೂ ಅಷ್ಟೇ. ಟೆಂಡರು ಬದಲಾದಾಗ ಕಂಪನಿ ಬದಲಾಗುತ್ತದೆ, ಮಾತ್ರೆಯ ಬಣ್ಣ, ಗಾತ್ರ ಬದಲಾಗುತ್ತದೆ. ಹೋದ ತಿಂಗಳು ಬಿಳಿ ಇದ್ದದ್ದು ಈ ತಿಂಗಳು ಬೇರೆ ಬಣ್ಣ ಆದರೆ ಅಕ್ಷರ ಓದಲಾಗದವರು ಹೆದರುತ್ತಾರೆ. ನನಗಾದರೂ ಅನುಮಾನ ಬರುತ್ತಿತ್ತು. ಇನ್ನೊಂದು, ಜನರ ಅಪನಂಬಿಕೆ ಪೂರ್ತಿ ಗಾಳಿಮಾತೂ ಅಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಸತ್ತಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು, ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆಯನ್ನೇ ನಿಲ್ಲಿಸಿತು. ಗುಣಮಟ್ಟದ ಪ್ರಶ್ನೆ ಕೇಳುವ ಹಕ್ಕು ರೋಗಿಗಿದೆ. ಆದರೆ ಅಲ್ಲಿ ಸಂಶಯ ಬಂದದ್ದು ನರಕ್ಕೆ ಏರಿಸುವ ಬಾಟಲಿಯ ಮೇಲೆ, ಅವ್ವ ನಂಬಿರುವುದೂ ಬಾಟಲಿಯನ್ನೇ. ಮಾತ್ರೆ ಹೊಟ್ಟೆಗೆ ಹೋಗುತ್ತದೆ, ಬಾಟಲಿ ನೇರ ರಕ್ತಕ್ಕೆ. ಅಪಾಯ ಯಾವುದರಲ್ಲಿ ಜಾಸ್ತಿ ಎಂದು ಅವರಿಗೆ ಹೀಗೆ ಹೇಳಿದರೆ ಅರ್ಥವಾಗುತ್ತದೆ.

ಅವ್ವನ ವಿಷಯದಲ್ಲಿ ನನಗೆ ಕಾಣುವ ತಪ್ಪು ಮಾತ್ರೆಯ ಪವರಿನದಲ್ಲ, ಹೊತ್ತಿನದು. ಆದ್ದರಿಂದ ಮಾತ್ರೆ ಮತ್ತೆ ಶುರು ಮಾಡುವ ಮೊದಲು ಡಾಕ್ಟರಿಗೆ ಈ ದಿನಚರಿಯನ್ನು ಇದ್ದಂತೆ ಹೇಳಿ. ಎಷ್ಟಕ್ಕೆ ಏಳುತ್ತಾರೆ, ಯಾವಾಗ ತಿನ್ನುತ್ತಾರೆ, ಚಕ್ಕರ್ ಯಾವ ಹೊತ್ತಿಗೆ. ಅವರು ಗ್ಲಿಮೆಪಿರೈಡನ್ನು ಕಡಿಮೆ ಮಾಡಬಹುದು, ಹೊತ್ತು ಬದಲಿಸಬಹುದು, ಬೇರೆಯದನ್ನೇ ಕೊಡಬಹುದು. ನೀವಾಗಿ ಕತ್ತರಿಸಿ ಅರ್ಧ ಕೊಡುವುದು ಬೇಡ. ಈ ನಡುವೆ ನಡುಕ, ಬೆವರು ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ನೋಡಿ, ಕಡಿಮೆಯಾಗದಿದ್ದರೆ ಮತ್ತೊಮ್ಮೆ ಕೊಡಿ, ಸುಧಾರಿಸಿದ ಮೇಲೆ ಏನಾದರೂ ತಿನ್ನಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಅವ್ವನ ಸೆರಗಿನಲ್ಲೋ ಪರ್ಸಿನಲ್ಲೋ ನಾಲ್ಕು ಸಕ್ಕರೆ ಪೊಟ್ಟಣ ಇರಲಿ. ಎರಡು ಡ್ರಿಪ್ಪಿನ ದುಡ್ಡಿಗೆ ಸಾಧಾರಣ ಗ್ಲೂಕೋಮೀಟರ್ ಬರುತ್ತದೆ. ಶೆಡ್ಡುಗಳವರು ನಾಲ್ಕು ಮನೆ ಸೇರಿ ಒಂದು ಕೊಂಡದ್ದನ್ನು ನೋಡಿದ್ದೇನೆ. ಚುಚ್ಚುವ ಸೂಜಿ ಮಾತ್ರ ಒಬ್ಬರದು ಇನ್ನೊಬ್ಬರಿಗೆ ಬೇಡವೇ ಬೇಡ.

ಪಥ್ಯದ ಬಗ್ಗೆ ದೊಡ್ಡ ಭಾಷಣ ಮಾಡುವುದಿಲ್ಲ. ಅನ್ನ ಬಿಡಿ, ಜೋಳದ ರೊಟ್ಟಿ ತಿನ್ನಿ ಎಂದು ಹೇಳುವುದು ಸುಲಭ. ಜೋಳ ಬೆಳೆಯುವ ಊರಿನಿಂದ ಬಂದವರಿಗೆ ಇಲ್ಲಿ ರೇಷನ್ನಿನಲ್ಲಿ ಸಿಗುವುದು ಅಕ್ಕಿ. ಇದ್ದುದರಲ್ಲೇ ಅನ್ನ ಸ್ವಲ್ಪ ಕಡಿಮೆ, ಬೇಳೆ, ಸೊಪ್ಪು ಸ್ವಲ್ಪ ಜಾಸ್ತಿ, ಕೆಲಸದ ಮನೆಗಳಲ್ಲಿ ಕೊಡುವ ನಾಲ್ಕು ಲೋಟ ಸಿಹಿ ಚಹಾದಲ್ಲಿ ಎರಡು ಕಡಿಮೆ. ಇಷ್ಟಾದರೆ ಈಗಿನ ಮಟ್ಟಿಗೆ ಸಾಕು.

ಇನ್ನು ನಿಮ್ಮ ಅಪ್ಪ. ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ (ಕ್ಷಯ) ಇದೆಯಾ ಎಂದು ಕಫ ಪರೀಕ್ಷೆ ಆಗಲೇಬೇಕು, ಇದರಲ್ಲಿ ಚರ್ಚೆ ಇಲ್ಲ. ಸಿಮೆಂಟಿನ ದೂಳಿನಿಂದಲೂ ಕೆಮ್ಮು ಬರುತ್ತದೆ, ಒಪ್ಪುತ್ತೇನೆ. ಆದರೆ ಗ್ರಾನೈಟು, ಟೈಲ್ಸು, ಕಾಂಕ್ರೀಟು ಕತ್ತರಿಸುವ ದೂಳು ಶ್ವಾಸಕೋಶದಲ್ಲಿ ಕೂತರೆ ಕ್ಷಯ ಹತ್ತುವ ಅಪಾಯವೂ ಹೆಚ್ಚುತ್ತದೆ. ಗಾಳಿಯಾಡದ ಹತ್ತಡಿ ಶೆಡ್ಡಿನಲ್ಲಿ ಮೂವರು ಮಲಗುತ್ತೀರಿ, ಒಬ್ಬರಿಗೆ ಶುಗರ್ ಇದೆ. ಶುಗರ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಅಪ್ಪನ ಕೆಮ್ಮನ್ನು ಅಪ್ಪನದು ಅಂತ ಮಾತ್ರ ನೋಡಬೇಡಿ ಎನ್ನುವುದು ಅದಕ್ಕೇ.

ಮೆಡಿಕಲ್ ಶಾಪಿನಿಂದ ತಂದ ಮಾತ್ರೆಯ ಹಾಳೆ ಇದ್ದರೆ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಲೆವೊಫ್ಲಾಕ್ಸಸಿನ್ ಜಾತಿಯ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಟಿಬಿ ಇದ್ದರೂ ಸ್ವಲ್ಪ ದಿನ ತಣ್ಣಗಾದಂತೆ ಕಾಣುತ್ತದೆ, ಪರೀಕ್ಷೆಯಲ್ಲೂ ಸಿಗದೆ ಹೋಗಬಹುದು. ನಂತರ ಮತ್ತೆ ಎದ್ದಾಗ ರೋಗ ಮುಂದೆ ಹೋಗಿರುತ್ತದೆ. ಕಫ ಪರೀಕ್ಷೆ, ಔಷಧಿ ಎರಡೂ ಪುಕ್ಕಟೆ. ಸಾಮಾನ್ಯ ಟಿಬಿಗೆ ಆರು ತಿಂಗಳ ಔಷಧಿ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಆಹಾರಕ್ಕೆ ತಿಂಗಳಿಗೆ 500 ಕೊಡುತ್ತಿದ್ದರು, 2024ರ ನವೆಂಬರಿನಿಂದ ಅದು 1,000 ರೂಪಾಯಿ, ರೋಗಿಯ ಬ್ಯಾಂಕ್ ಖಾತೆಗೆ ಬರುತ್ತದೆ. ಟಿಬಿ ಅಂತ ಗೊತ್ತಾದರೆ ಕೆಲಸ ಹೋಗುತ್ತದೆ, ಮಾಲೀಕ ಶೆಡ್ಡು ಖಾಲಿ ಮಾಡಿಸುತ್ತಾನೆ ಎಂಬ ಹೆದರಿಕೆ ಅಪ್ಪನಿಗಿದ್ದರೆ ಅದು ಸುಳ್ಳು ಹೆದರಿಕೆಯಲ್ಲ. ಆದರೆ ಸರಿಯಾದ ಔಷಧಿ ಶುರುವಾಗಿ ಕೆಲವು ವಾರಗಳಲ್ಲೇ ಸಾಮಾನ್ಯವಾಗಿ ಹರಡುವುದು ಬಹಳ ಕಡಿಮೆಯಾಗುತ್ತದೆ. ಆರು ತಿಂಗಳ ನಡುವೆ ಜಾತ್ರೆಗೋ ಬಿತ್ತನೆಗೋ ಊರಿಗೆ ಹೋಗಬೇಕಾಗಿ ಬಂದರೆ, ಹೋಗುವ ಮೊದಲು ಕೇಂದ್ರದಲ್ಲಿ ಹೇಳಿ. ಟಿಬಿ ರೋಗಿಗೆ ಸರ್ಕಾರ ಕೊಡುವ ನಿಕ್ಷಯ್ ನಂಬರಿನ ಮೇಲೆ ಚಿಕಿತ್ಸೆಯನ್ನು ಊರಿನ ಆಸ್ಪತ್ರೆಗೆ ವರ್ಗಾಯಿಸುತ್ತಾರೆ. ಗುಳೆ ಬಂದವರಲ್ಲಿ ಔಷಧಿ ನಡುವೆ ನಿಂತುಹೋದದ್ದನ್ನು ನಾನು ಹೆಚ್ಚು ಕಂಡದ್ದು ಹೀಗೆ ಹೇಳದೆ ಊರಿಗೆ ಹೋದಾಗಲೇ.

ಎಲ್ಲಿಗೆ ಹೋಗಬೇಕು ಎನ್ನುವುದು ನಿಮ್ಮ ನಿಜವಾದ ಪ್ರಶ್ನೆ. ದೊಡ್ಡಾಸ್ಪತ್ರೆಯಲ್ಲಿ ಇಡೀ ದಿನ ಹೋಯಿತು ಎಂದಿದ್ದೀರಿ. ಶುಗರ್, ಬಿಪಿ ಮಾತ್ರೆಗೆ ಅಲ್ಲಿಗೆ ಹೋಗಲೇಬಾರದು. ವಿಕ್ಟೋರಿಯಾ, ಬೌರಿಂಗ್, ಕೆ.ಸಿ. ಜನರಲ್, ಜಯನಗರ ಜನರಲ್ ಇವೆಲ್ಲ ಆಪರೇಷನ್ನು, ತುರ್ತು, ತಜ್ಞರ ಸಲಹೆಗೆ. ತಿಂಗಳ ಮಾತ್ರೆಗೆ ವಾರ್ಡಿನಲ್ಲಿರುವ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್ಕು ಅಥವಾ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ನಮ್ಮ ಕ್ಲಿನಿಕ್‌ಗಳು 2022ರ ಡಿಸೆಂಬರಿನಲ್ಲಿ ಶುರುವಾದವು. ರಾಜ್ಯಕ್ಕೆ 438 ಎಂದು ಯೋಜಿಸಿದ್ದರು, ಅದರಲ್ಲಿ 243 ಬೆಂಗಳೂರಿಗೆ. ಒಬ್ಬ ಡಾಕ್ಟರು, ಒಬ್ಬ ನರ್ಸ್, ಲ್ಯಾಬ್ ಟೆಕ್ನಿಷಿಯನ್ ಇರಬೇಕು. ಶುಗರ್, ಬಿಪಿ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ, ಗಾಯಕ್ಕೆ ಪಟ್ಟಿ ಕಟ್ಟುತ್ತಾರೆ. ವಿಳಾಸದ ದಾಖಲೆ ಇಲ್ಲ ಎಂದು ಯಾರೂ ವಾಪಸ್ ಕಳಿಸುವಂತಿಲ್ಲ.

ಅದರ ತೊಂದರೆಗಳನ್ನೂ ಹೇಳುತ್ತೇನೆ. ಸಮಯ ಸಾಮಾನ್ಯವಾಗಿ ಬೆಳಗ್ಗೆ 9ರಿಂದ ಸಂಜೆ 4.30. ಕೆಲವು ಕಡೆ ಬೇರೆ ಇದೆ, ಬೋರ್ಡ್ ನೋಡಿಕೊಳ್ಳಿ. ಕೂಲಿಯವರು ದುಡಿಯುವ ಹೊತ್ತಿಗೇ ತೆರೆದು, ಅವರು ಮನೆಗೆ ಬರುವ ಹೊತ್ತಿಗೆ ಮುಚ್ಚುವ ಕ್ಲಿನಿಕ್ಕನ್ನು ಯಾರಿಗೆ ಕಟ್ಟಿದರೋ! ನಗರ ಆರೋಗ್ಯ ಅಭಿಯಾನ 2013ರಲ್ಲಿ ಬಂದಾಗಲೇ ಕೇಂದ್ರಗಳು ಸಂಜೆಯೂ ಇರಲಿ ಎಂಬ ಮಾತಿತ್ತು. ಕೆಲವೊಮ್ಮೆ ಮಾತ್ರೆ ಸ್ಟಾಕ್ ಇರುವುದಿಲ್ಲ, ಡಾಕ್ಟರ ಹುದ್ದೆ ಖಾಲಿ ಇರುತ್ತದೆ. ಇನ್ನೊಂದು ತೊಂದರೆ ನಿಮ್ಮಂಥ ಶೆಡ್ಡುಗಳದೇ. ಆಶಾ ಕಾರ್ಯಕರ್ತೆಗೆ ಇನ್ನೂರರಿಂದ ಐನೂರು ಮನೆಗಳ ಪಟ್ಟಿ ಇರುತ್ತದೆ. ಸ್ಲಂ ಬೋರ್ಡ್ ಘೋಷಿಸಿದ ಕೊಳೆಗೇರಿ ಆ ಪಟ್ಟಿಯಲ್ಲಿ ಬರುತ್ತದೆ. ಖಾಸಗಿ ಸೈಟಿನಲ್ಲಿ ಎದ್ದ ಶೆಡ್ಡುಗಳು ಎಷ್ಟೋ ಸಲ ಬರುವುದೇ ಇಲ್ಲ. ನಾನಿದ್ದ ಒಂದು ಕೇಂದ್ರದ ನಕ್ಷೆಯಲ್ಲಿ ನೂರಕ್ಕೂ ಹೆಚ್ಚು ಶೆಡ್ಡುಗಳಿದ್ದ ಜಾಗಕ್ಕೆ ‘ಖಾಲಿ ನಿವೇಶನ’ ಎಂದು ಬರೆದಿತ್ತು. ಅಲ್ಲಿ ಎರಡು ವರ್ಷ ಲಸಿಕೆ ಹಾಕಿಸಿಕೊಳ್ಳದ ಮಕ್ಕಳಿದ್ದರು. ನೀವು ಓದು ಬರಹ ಬಲ್ಲವರು. ಒಂದು ರಜೆಯ ದಿನ ನಿಮ್ಮ ಸಾಲಿನ ಶೆಡ್ಡು ಎಷ್ಟು, ಬಸುರಿಯರು, ಬಾಣಂತಿಯರು, ಐದು ವರ್ಷದೊಳಗಿನ ಮಕ್ಕಳು, ಶುಗರ್‌ನವರು ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಕೊಡಿ, ಸೀಲು ಹಾಕಿದ ಸ್ವೀಕೃತಿ ತಗೊಳ್ಳಿ. ಬರೆದು ಕೊಟ್ಟ ಮೇಲೆ ಇಲ್ಲ ಅನ್ನುವುದು ಅವರಿಗೆ ಕಷ್ಟ.

ಅವ್ವನ ಕೆಲಸ ಮೂರಕ್ಕೆ ಮುಗಿಯುವುದಾದರೆ ಮೂರೂವರೆಗೆ ನಮ್ಮ ಕ್ಲಿನಿಕ್ಕಿಗೆ ಹೋಗಬಹುದು, ಆಗ ಸಾಮಾನ್ಯವಾಗಿ ಗದ್ದಲವೂ ಕಡಿಮೆ, ಕೂಲಿಯೂ ತಪ್ಪುವುದಿಲ್ಲ. ಒಂದು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ ಎಂದು ಕೇಳಿ. ಹತ್ತು ದಿನದ್ದು ಕೊಟ್ಟು ಕಳಿಸಿದರೆ ಹನ್ನೊಂದನೇ ದಿನ ಮಾತ್ರೆ ನಿಲ್ಲುತ್ತದೆ, ಇದನ್ನು ಅವರಿಗೇ ಹೇಳಿ. ಒಮ್ಮೆ ಅವ್ವನ ಹೆಸರಿಗೆ ಚಿಕಿತ್ಸೆಯ ಪುಸ್ತಕ ಆದ ಮೇಲೆ ನಡುವಿನ ತಿಂಗಳುಗಳಲ್ಲಿ ಪುಸ್ತಕ ತಗೊಂಡು ನೀವೇ ಹೋಗಿ ತರಬಹುದಾ ಎಂದೂ ವಿಚಾರಿಸಿ. ಅಲ್ಲಿ ಸ್ಟಾಕ್ ಇಲ್ಲದ ದಿನ ಜನೌಷಧಿ ಅಂಗಡಿಯಲ್ಲಿ ಅದೇ ಹೆಸರಿನ ಮಾತ್ರೆ ತಗೊಳ್ಳಿ. ಈ ಮೂರೂ ಮಾತ್ರೆಗಳು ಅಲ್ಲಿ ಬಹಳ ಅಗ್ಗ, ತಿಂಗಳಿಗೆ ಒಂದು ಡ್ರಿಪ್ಪಿನ ದುಡ್ಡೂ ಆಗುವುದಿಲ್ಲ.

ಕಾರ್ಡಿನ ವಿಷಯದಲ್ಲಿ ನಿಮಗೆ ಯಾರೋ ತಪ್ಪು ಹೇಳಿದ್ದಾರೆ. ಯಾದಗಿರಿಯ ಬಿಪಿಎಲ್ ಕಾರ್ಡು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಗೆ ರಾಜ್ಯದ ಎಲ್ಲಿಯಾದರೂ ನಡೆಯುತ್ತದೆ. ವರ್ಷಕ್ಕೆ ಇಡೀ ಕುಟುಂಬಕ್ಕೆ ಸೇರಿ 5 ಲಕ್ಷ ರೂಪಾಯಿವರೆಗೆ. ಕಾರ್ಡಿನಲ್ಲಿ ಅಪ್ಪ, ಅವ್ವ, ನಿಮ್ಮ ಮೂವರ ಹೆಸರೂ ಇದೆಯಾ, ಆಧಾರಿನ ಹೆಸರಿಗೆ ಹೊಂದುತ್ತದಾ ಈಗಲೇ ನೋಡಿಕೊಳ್ಳಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಸರಿಪಡಿಸಲು ಆಗುವುದಿಲ್ಲ.

ಆದರೆ ಈ ಕಾರ್ಡು ಏನು ಮಾಡುವುದಿಲ್ಲ ಎನ್ನುವುದೂ ಗೊತ್ತಿರಲಿ. ಅದು ಮುಖ್ಯವಾಗಿ ಆಸ್ಪತ್ರೆ ಸೇರುವ ಚಿಕಿತ್ಸೆಗೆ. ತಿಂಗಳ ಶುಗರ್ ಮಾತ್ರೆಗೆ, ಏರಿಯಾದ ಕ್ಲಿನಿಕ್ಕಿನ ಬಿಲ್ಲಿಗೆ ಅದರಿಂದ ಒಂದು ರೂಪಾಯಿ ಬರುವುದಿಲ್ಲ. ಖಾಸಗಿ ಆಸ್ಪತ್ರೆಗೆ ನೇರ ಹೋಗುವ ಹಾಗೂ ಇಲ್ಲ. ಸರ್ಕಾರಿ ಆಸ್ಪತ್ರೆಯವರು ತಮ್ಮಲ್ಲಿ ಆಗದು ಎಂದು ರೆಫರಲ್ ಚೀಟಿ ಕೊಟ್ಟರೆ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಪಟ್ಟಿ ಮಾಡಿದ ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ. ಅಡ್ಮಿಟ್ ಆಗುವ ಮೊದಲೇ ‘ಕಾರ್ಡ್ ಇದೆ’ ಎಂದು ಹೇಳಿ ಆರೋಗ್ಯಮಿತ್ರ ಎಂಬ ಸಿಬ್ಬಂದಿಯನ್ನು ಹುಡುಕಿ. ದುಡ್ಡು ಕಟ್ಟಿದ ಮೇಲೆ ವಾಪಸ್ ಪಡೆಯುವುದು ಬಹಳ ಕಷ್ಟ. ಅನುಮಾನ ಬಂದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಕೇಳಿ. ಅಪ್ಪ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿಲ್ಲವಾದರೆ ಬರೆಸಲಿ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಅಲ್ಲಿಯೂ ವೈದ್ಯಕೀಯ ಸಹಾಯಧನ ಇದೆ, ಅರ್ಜಿ ಓಡಾಟ ಸ್ವಲ್ಪ ಜಾಸ್ತಿ ಅಷ್ಟೇ.

ಸಾಲದ ಮಾತಿಗೆ ಬರುತ್ತೇನೆ. ಬೇಡ. ಶುಗರ್, ಬಿಪಿ ಒಮ್ಮೆ ದುಡ್ಡು ಸುರಿದರೆ ಮುಗಿಯುವ ಕಾಯಿಲೆಗಳಲ್ಲ. ಬೆಂಗಳೂರಿನ ಕಾಡುಗೊಂಡನಹಳ್ಳಿಯಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುತ್ತಿ ಮಾಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ದೀರ್ಘಕಾಲದ ಕಾಯಿಲೆ ಇದ್ದ ಮನೆಗಳಲ್ಲಿ ಶೇ 16ರಷ್ಟು ಮನೆಗಳು ತಿಂಗಳ ಆದಾಯದ ಹತ್ತನೇ ಒಂದು ಪಾಲಿಗಿಂತ ಹೆಚ್ಚನ್ನು ಬರೀ ಹೊರರೋಗಿ ಚಿಕಿತ್ಸೆಗೆ ಸುರಿಯುತ್ತಿದ್ದವು. ಆಪರೇಷನ್ನು, ಅಡ್ಮಿಷನ್ನು ಇದರಲ್ಲಿ ಸೇರಿಲ್ಲ. ಡಾಕ್ಟರ ಫೀಸು, ಮಾತ್ರೆ, ಟೆಸ್ಟು ಇಷ್ಟೇ. ಆ ಒಂದು ತಿಂಗಳ ಖರ್ಚಿನಲ್ಲೇ ಬಡತನದ ಗೆರೆಯ ಕೆಳಗೆ ಇರುವವರ ಸಂಖ್ಯೆ ಎರಡರಷ್ಟಾಗಿತ್ತು. ನಿಮ್ಮ ಮನೆಯಲ್ಲೂ ತಿಂಗಳಿಗೆ ಎರಡು ಡ್ರಿಪ್ ಅಂದರೆ ಸಾವಿರ, ಅಪ್ಪನ ಸಿರಪ್ಪು ಬೇರೆ. ಇದರ ಮೇಲೆ ಸಂಘದ ವಾರದ ಕಂತು ಬಂದರೆ ಮೊದಲು ನಿಲ್ಲುವುದು ಮಾತ್ರೆಯೇ. ದುಡ್ಡು ಕೊಟ್ಟೇ ತೋರಿಸಬೇಕು ಎನಿಸಿದರೆ ಒಂದು ಸಲ ಎಂಬಿಬಿಎಸ್ ಓದಿದ ಡಾಕ್ಟರಿಗೋ ಟ್ರಸ್ಟ್ ಆಸ್ಪತ್ರೆಗೋ ತೋರಿಸಿ, ಮಾತ್ರೆಯ ಹೆಸರು ಬರೆಸಿಕೊಂಡು ಬನ್ನಿ. ಮುಂದಿನ ಮಾತ್ರೆಗಳನ್ನು ಸರ್ಕಾರಿ ಕೌಂಟರಿನಲ್ಲೇ ತಗೊಳ್ಳಬಹುದು. ಹಾಗೆ ಮಾಡುವುದರಲ್ಲಿ ನಾಚಿಕೆಯೂ ಇಲ್ಲ, ತಪ್ಪೂ ಇಲ್ಲ.

ಗಾಯ ಮಾದ ಮೇಲಿನ ಒಂದು ಮಾತು. ಕೆಲಸದ ಮನೆಗಳಲ್ಲಿ ಅವ್ವ ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಫಿನಾಯಿಲ್ ನೀರಿನಲ್ಲಿ ಬರಿಗಾಲಲ್ಲಿ ನಿಂತು ನೆಲ ಒರೆಸುತ್ತಾರೆ. ಜೋಮು ಹಿಡಿದ ಪಾದಕ್ಕೆ ಅದು ಒಳ್ಳೆಯದಲ್ಲ. ಒಳಗೆ ಮಾತ್ರ ಹಾಕುವ ಒಂದು ಜೊತೆ ಮೆತ್ತನೆ ಚಪ್ಪಲಿ ಚೀಲದಲ್ಲಿ ಒಯ್ಯಲಿ. ಮನೆಯವರು ತಕರಾರು ಮಾಡಿದರೆ ಈ ಪತ್ರ ತೋರಿಸಿ, ಡಾಕ್ಟರು ಹೇಳಿದ್ದಾರೆ ಎನ್ನಿ. ರಾತ್ರಿ ಮಲಗುವ ಮುಂಚೆ ನೀವೇ ಮೊಬೈಲ್ ಟಾರ್ಚ್ ಹಿಡಿದು ಅವರ ಅಂಗಾಲು, ಬೆರಳಸಂದಿ ನೋಡಿ.

ನನ್ನ ಮಾತು ಕೇಳಲ್ಲ ಎಂದಿದ್ದೀರಿ. ವಾದ ಮಾಡಬೇಡಿ. ಡಾಕ್ಟರು ಮಾತ್ರೆ ಸರಿಪಡಿಸಿ ಕೊಟ್ಟ ಮೇಲೆ, ಬೆಳಗ್ಗೆ ಹೊರಡುವ ಮುಂಚೆ ಅವರ ಕೈಗೆ ಮೊದಲು ಒಂದು ರೊಟ್ಟಿ ಕೊಡಿ, ಮಾತ್ರೆ ಆಮೇಲೆ. ನಿನ್ನೆ ರಾತ್ರಿಯ ರೊಟ್ಟಿ, ಚಟ್ನಿಪುಡಿಯಾದರೂ ಆಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಚಕ್ಕರ್ ಬಂದ ದಿನಕ್ಕೆ ಒಂದು ಕೆಂಪು ಗೆರೆ ಹಾಕುತ್ತ ಬನ್ನಿ. ಎರಡು ವಾರ ಆದ ಮೇಲೆ ಆ ಕ್ಯಾಲೆಂಡರು, ಗ್ಲೂಕೋಮೀಟರಿನ ಲೆಕ್ಕ, ಅಪ್ಪನ ಕಫದ ರಿಪೋರ್ಟು ಮೂರನ್ನೂ ಬರೆದು ನನಗೆ ಕಳಿಸಿ, ಮುಂದಿನದು ನೋಡೋಣ.